ಬಾಯಿಪಾಠದ ಮೇಲಿನ ಸಿಟ್ಟು ಮತ್ತು ಮಕ್ಕಳ ನೆನಪು

ಮಕ್ಕಳನ್ನು ಬಾಯಿಪಾಠದಿಂದ ಬಿಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಇನ್ನಷ್ಟು ಒತ್ತಿ ಹೇಳಿತು. ಶಿಕ್ಷಣದ ಬಗ್ಗೆ ನಡೆಯುವ ಯಾವ ವಿಚಾರ ಸಂಕಿರಣದಲ್ಲೂ ಈ ಮಾತಿಗೆ ಎದುರಾಡುವವರು ಸಿಗುವುದು ಅಪರೂಪ. ಇತ್ತ ಫೆಬ್ರುವರಿ ಮುಗಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಬಂದ್ ಆಗುತ್ತದೆ, ಗೈಡುಗಳು ಹೊರಬರುತ್ತವೆ, ಗೆರೆ ಎಳೆದಿಟ್ಟ ಪುಟಗಳನ್ನು ಮೂರನೆಯ, ನಾಲ್ಕನೆಯ ಸಲ ಓದುವುದು ಶುರುವಾಗುತ್ತದೆ. ಪರೀಕ್ಷೆ ಮುಗಿದು ಜೂನ್ ಬರುವಷ್ಟರಲ್ಲಿ ಓದಿದ್ದರಲ್ಲಿ ಬಹುಪಾಲು ಹೋಗಿರುತ್ತದೆ. ನೆನಪಿಟ್ಟುಕೊಳ್ಳುವುದನ್ನು ಭಾಷಣದಲ್ಲಿ ಹೀಗಳೆಯುತ್ತೇವೆ, ಮಾರ್ಚ್ ತಿಂಗಳಲ್ಲಿ ಅದರ ಮೇಲೆಯೇ ಮಗುವಿನ ಮುಂದಿನ ದಾರಿಯನ್ನು ನಿಲ್ಲಿಸುತ್ತೇವೆ. ಇವೆರಡರ ನಡುವೆ ಕೇಳಬೇಕಾಗಿದ್ದ ಪ್ರಶ್ನೆಯೊಂದು ಹಾಗೆಯೇ ಉಳಿದಿದೆ: ಮನುಷ್ಯನ ನೆನಪು ಕೆಲಸ ಮಾಡುವುದು ಹೇಗೆ? ಇದಕ್ಕೆ ವಿಜ್ಞಾನ 140 ವರ್ಷಗಳಿಂದ ತಾಳ್ಮೆಯಿಂದ ಉತ್ತರ ಕೂಡಿಸುತ್ತ ಬಂದಿದೆ. ಆ ಉತ್ತರವನ್ನು ಗಂಭೀರವಾಗಿ ತೆಗೆದುಕೊಂಡರೆ ಬಾಯಿಪಾಠವನ್ನು ಬೈಯುವವರೂ ಬೋರ್ಡ್ ಪರೀಕ್ಷೆಯನ್ನು ಹೊಗಳುವವರೂ ಇಬ್ಬರೂ ತಮ್ಮ ನಿಲುವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಶಾಲೆಯಲ್ಲಿ ನೆನಪಿಗೆ ಈಗಿರುವುದಕ್ಕಿಂತ ಹೆಚ್ಚು ಜಾಗ ಬೇಕು ಎಂಬುದು ನನ್ನ ವಾದ. ಆದರೆ ಆ ಜಾಗ ಇರಬೇಕಾದದ್ದು ವರ್ಷದ ಕೊನೆಯ ಮೂರು ಗಂಟೆಯಲ್ಲಿ ಅಲ್ಲ, ದಿನದಿನದ ತರಗತಿಯಲ್ಲಿ, ಅಂಕದ ಹಂಗಿಲ್ಲದೆ.

ನೆನಪು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಬೇರೆ ಬೇರೆ ವ್ಯವಸ್ಥೆಗಳಿವೆ. ಇದು ಖಚಿತವಾದದ್ದು ಒಬ್ಬ ಮನುಷ್ಯನ ಬದುಕಿಗೆ ಬಂದ ಆಪತ್ತಿನಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕ ತೀವ್ರವಾದ ಮೂರ್ಛೆರೋಗದಿಂದ ಬಳಲಿ ಹಣ್ಣಾಗಿದ್ದರು. 1953ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯರು ರೋಗ ಹತೋಟಿಗೆ ತರುವ ಉದ್ದೇಶದಿಂದ ಅವರ ಮಿದುಳಿನ ಎರಡೂ ಪಕ್ಕದ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆದರು. ಮೂರ್ಛೆ ಕಡಿಮೆಯಾಯಿತು. ಮಾತು, ಬುದ್ಧಿ, ಸ್ವಭಾವ, ಬಾಲ್ಯದ ನೆನಪು ಎಲ್ಲ ಉಳಿದವು. ಒಂದು ಸಂಖ್ಯೆ ಹೇಳಿದರೆ, ಗಮನ ಅದರ ಮೇಲೆಯೇ ಇರುವಷ್ಟು ಹೊತ್ತು ಅದನ್ನು ಹಿಡಿದಿಟ್ಟುಕೊಳ್ಳಬಲ್ಲವರಾಗಿದ್ದರು. ಗಮನ ಬೇರೆಡೆ ಹೊರಳಿತೋ, ಸಂಖ್ಯೆಯೂ ಹೋಯಿತು, ಸಂಖ್ಯೆ ಹೇಳಿದವರೂ ಹೋದರು. ಅವರನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಪ್ರತಿ ಭೇಟಿಯಲ್ಲೂ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕಾಗುತ್ತಿತ್ತು. ಆದರೂ ಕನ್ನಡಿಯಲ್ಲಿ ಮಾತ್ರ ತನ್ನ ಕೈ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಾಗ ಮೊಲೈಸನ್ ದಿನದಿಂದ ದಿನಕ್ಕೆ ಸುಧಾರಿಸಿದರು. ಹಿಂದಿನ ದಿನ ಅದನ್ನು ಮಾಡಿದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ರೋಗಿಯೊಬ್ಬರನ್ನು ಬ್ರಿಟನ್ನಿನ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ 1969–70ರಲ್ಲಿ ವರದಿ ಮಾಡಿದರು. ಆ ವ್ಯಕ್ತಿಗೆ ಒಂದೆರಡು ಅಂಕಿಗಿಂತ ಹೆಚ್ಚು ಕೇಳಿಸಿಕೊಂಡು ತಕ್ಷಣ ಹೇಳಲು ಆಗುತ್ತಿರಲಿಲ್ಲ, ಹೊಸ ವಿಷಯ ಕಲಿತು ದೀರ್ಘಕಾಲ ನೆನಪಿಡುವುದು ಸಾಧ್ಯವಿತ್ತು. ಹಾಗಾಗಿ ಈ ಕ್ಷಣ ಹಿಡಿದಿಟ್ಟುಕೊಳ್ಳುವ ಅಲ್ಪಾವಧಿ ನೆನಪು ಬೇರೆ, ವರ್ಷಗಟ್ಟಲೆ ಉಳಿಯುವ ದೀರ್ಘಾವಧಿ ನೆನಪು ಬೇರೆ; ಕೈಗೆ ರೂಢಿಯಾಗುವ ಕೌಶಲವೂ ಬೇರೆಯದೇ ಹಾದಿಯಲ್ಲಿ ನಿಲ್ಲುತ್ತದೆ.

ಶಾಲೆಯ ಮಟ್ಟಿಗೆ ಬಹಳ ಮುಖ್ಯವಾದ ಸಂಗತಿಯೆಂದರೆ ಅಲ್ಪಾವಧಿ ನೆನಪು ಎಷ್ಟು ಕಿರಿದು ಎನ್ನುವುದು. ಒಮ್ಮೆಗೆ ಸುಮಾರು ಏಳು ಅಂಶಗಳನ್ನು ಹಿಡಿಯಬಹುದು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಮನಸ್ಸಿನಲ್ಲೇ ಉರುಹೊಡೆಯಲು, ಗುಂಪು ಮಾಡಿಕೊಳ್ಳಲು ಅವಕಾಶ ಕೊಡದಿದ್ದರೆ ಅದು ನಾಲ್ಕರ ಆಸುಪಾಸು ಎಂದು ನೆಲ್ಸನ್ ಕೋವನ್ 2001ರಲ್ಲಿ ತೋರಿಸಿದರು. ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಪ್ರಶ್ನೆಗೆ 1959ರಲ್ಲಿ ಪೀಟರ್ಸನ್ ದಂಪತಿ ಉತ್ತರ ಹುಡುಕಿದ್ದರು. ಮೂರೇ ಮೂರು ವ್ಯಂಜನಾಕ್ಷರ ಹೇಳಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಮ್ಮುಖವಾಗಿ ಎಣಿಸಲು ಹಚ್ಚಿದರೆ, 18 ಸೆಕೆಂಡು ಕಳೆಯುವಷ್ಟರಲ್ಲಿ ಆ ಮೂರಕ್ಷರ ಸರಿಯಾಗಿ ಉಳಿದದ್ದು ಹತ್ತರಲ್ಲಿ ಒಂದು ಸಲದಷ್ಟು. ಮೊಬೈಲಿಗೆ ಬಂದ ಒಟಿಪಿಯನ್ನು ನೋಡಿ ಇನ್ನೊಂದು ಪರದೆಗೆ ಹೋಗುವಷ್ಟರಲ್ಲಿ ಯಾರೋ ಮಾತನಾಡಿಸಿದರೆ ಆರು ಅಂಕಿಯಲ್ಲಿ ಎರಡು ಜಾರುವುದು ಯಾರ ದೌರ್ಬಲ್ಯವೂ ಅಲ್ಲ, ಮನುಷ್ಯರೆಲ್ಲರ ಮಿತಿ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದಕ್ಕೆ ಇನ್ನೊಂದು ತಿಳಿವು ಸೇರಿಸಿದರು: ಈ ಕಿರಿದಾದ ಜಾಗ ಬರಿಯ ತಂಗುದಾಣವಲ್ಲ, ಲೆಕ್ಕ ಹಾಕುವುದು, ವಾಕ್ಯವೊಂದರ ಕೊನೆಯನ್ನು ಅದರ ಮೊದಲಿಗೆ ಜೋಡಿಸುವುದು, ಎರಡು ಸಂಗತಿ ಹೋಲಿಸುವುದು, ಒಟ್ಟಿನಲ್ಲಿ ಯೋಚನೆ ನಡೆಯುವುದೇ ಅಲ್ಲಿ. ಅದಕ್ಕೇ ಅದನ್ನು ವರ್ಕಿಂಗ್ ಮೆಮೊರಿ ಎಂದರು. 36ನ್ನು 7ರಿಂದ ಗುಣಿಸುವ ಮಗುವನ್ನು ನೆನೆಯಿರಿ. ಆರೇಳು ಎಷ್ಟೆಂದು ಮಗ್ಗಿ ಬರುವ ಮಗುವಿಗೆ 42 ಎಂದು ಥಟ್ಟನೆ ಹೊಳೆಯುತ್ತದೆ, ದಶಕ ನಾಲ್ಕನ್ನು ಮನಸ್ಸಿನಲ್ಲಿಟ್ಟು ಮುಂದೆ ಹೋಗುತ್ತದೆ. ಮಗ್ಗಿ ಬಾರದ ಮಗು ಬೆರಳಿನಲ್ಲಿ ಆರನ್ನು ಏಳು ಸಲ ಕೂಡಿಸುತ್ತ ಹೋಗಿ, 42ಕ್ಕೆ ತಲುಪುವ ಹೊತ್ತಿಗೆ ತಾನು ಏತಕ್ಕೆ ಕೂಡಿಸುತ್ತಿದ್ದೆ ಎಂಬುದನ್ನೇ ಮರೆತಿರುತ್ತದೆ. ಆ ಮಗುವಿಗೆ ಗುಣಾಕಾರದ ಅರ್ಥ ಗೊತ್ತಿರಬಹುದು. ಆ ಅರ್ಥವನ್ನು ಬಳಸಲು ತಲೆಯಲ್ಲಿ ಜಾಗ ಉಳಿದಿಲ್ಲ. ಅರ್ಥವಾಗದ ಭಾಷೆಯಲ್ಲಿ ವಿಜ್ಞಾನದ ಪಾಠ ಕೇಳುವ ಮಗುವಿನ ಪಾಡೂ ಇಂಥದ್ದೇ. ಪದಗಳನ್ನು ಬಿಡಿಸುವುದರಲ್ಲೇ ಆ ನಾಲ್ಕು ಜಾಗ ತುಂಬಿಹೋದ ಮೇಲೆ ದ್ಯುತಿಸಂಶ್ಲೇಷಣೆಗೆ ಎಲ್ಲಿದೆ ಎಡೆ?

ನಾಲ್ಕು ಅಂಶಗಳ ಜಾಗದಲ್ಲಿ ಮನುಷ್ಯ ಇಷ್ಟೆಲ್ಲ ಯೋಚಿಸುವುದಾದರೂ ಹೇಗೆ? ಇದಕ್ಕೆ ಉತ್ತರ ದೀರ್ಘಾವಧಿ ನೆನಪಿನಲ್ಲಿದೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚೆಸ್ ಆಟಗಾರರಿಗೆ ನಿಜವಾದ ಆಟವೊಂದರ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದರು. ಪಳಗಿದ ಆಟಗಾರ ಕಾಯಿಗಳನ್ನು ಬಹುಮಟ್ಟಿಗೆ ಸರಿಯಾಗಿ ಇಟ್ಟುಬಿಟ್ಟ, ಹೊಸಬನಿಗೆ ನಾಲ್ಕೈದು ಕಾಯಿ ಮಾತ್ರ ನೆನಪಾದವು. ಅದೇ ಕಾಯಿಗಳನ್ನು ಗೊತ್ತುಗುರಿಯಿಲ್ಲದೆ ಚೆಲ್ಲಿದ ಹಲಗೆ ತೋರಿಸಿದಾಗ ಪಳಗಿದವನ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಇಲ್ಲವಾಯಿತು. ಅವನ ಅಲ್ಪಾವಧಿ ನೆನಪು ದೊಡ್ಡದಾಗಿರಲಿಲ್ಲ. ಸಾವಿರಾರು ವಿನ್ಯಾಸಗಳು ಒಳಗೆ ಕೂತಿದ್ದರಿಂದ ಐದಾರು ಕಾಯಿಗಳ ಗುಂಪು ಅವನಿಗೆ ಒಂದೇ ಅಂಶವಾಗಿ ಕಾಣುತ್ತಿತ್ತು. ಇದಕ್ಕಿಂತಲೂ ಕಣ್ತೆರೆಸುವ ಪ್ರಯೋಗ 1980ರಲ್ಲಿ ಪ್ರಕಟವಾಯಿತು. ಆಂಡರ್ಸ್ ಎರಿಕ್ಸನ್, ಚೇಸ್ ಮತ್ತು ಸಂಗಡಿಗರು ಒಬ್ಬ ಸಾಧಾರಣ ಕಾಲೇಜು ವಿದ್ಯಾರ್ಥಿಗೆ ಸುಮಾರು 230 ಗಂಟೆ ಅಭ್ಯಾಸ ಮಾಡಿಸಿದರು. ಮೊದಲು ಏಳು ಅಂಕಿ ಹೇಳುತ್ತಿದ್ದವನು ಕೊನೆಗೆ 79 ಅಂಕಿಗಳನ್ನು ಒಮ್ಮೆ ಕೇಳಿ ಒಪ್ಪಿಸಿದ. ಅವನು ದೂರದ ಓಟಗಾರ. ಅಂಕಿಗಳನ್ನು ತನಗೆ ಚೆನ್ನಾಗಿ ಗೊತ್ತಿದ್ದ ಓಟದ ಸಮಯಗಳಾಗಿ ಗುಂಪು ಮಾಡಿಕೊಳ್ಳುತ್ತಿದ್ದ. ಆಮೇಲೆ ಅಂಕಿಯ ಬದಲು ಅಕ್ಷರ ಕೊಟ್ಟು ನೋಡಿದರು. ಆರು! ಅಷ್ಟು ಗಂಟೆಗಳ ಅಭ್ಯಾಸದಿಂದ ನೆನಪಿನ ಶಕ್ತಿ ಎಂಬ ಸಾಮಾನ್ಯ ಶಕ್ತಿಯೇನೂ ಬೆಳೆದಿರಲಿಲ್ಲ, ಅಂಕಿಗಳ ಬಗೆಗಿನ ತಿಳಿವಳಿಕೆ ಬೆಳೆದಿತ್ತು. ಮಕ್ಕಳ ‘ಮೆಮೊರಿ ಪವರ್’ ಹೆಚ್ಚಿಸುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವ ಜಾಹೀರಾತುಗಳನ್ನು ನೋಡುವ ಪೋಷಕರು ಈ ಒಂದು ಫಲಿತಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ನೆನಪು ಯೋಚನೆಯ ವಿರೋಧಿಯಲ್ಲ ಎಂಬುದಕ್ಕೆ ಕನ್ನಡದವರು ಪ್ರಯೋಗಾಲಯದ ತನಕ ಹೋಗಬೇಕಿಲ್ಲ. ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಅರ್ಥಧಾರಿಯ ಕೈಯಲ್ಲಿ ಬರೆದ ಸಂಭಾಷಣೆ ಇರುವುದಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಕರ್ಣನೋ ಕೃಷ್ಣನೋ ಆಗಿ ಕೂತವರು ಆ ಕ್ಷಣಕ್ಕೆ ಹುಟ್ಟುವ ಮಾತಿನಲ್ಲಿ ವಾದ ಹೂಡಬೇಕು, ಎದುರಿನವರು ಊಹಿಸದ ಪ್ರಶ್ನೆ ಎಸೆದರೆ ಅಲ್ಲಿಯೇ ಉತ್ತರಿಸಬೇಕು. ಇದಕ್ಕಿಂತ ಸ್ವತಂತ್ರವಾದ, ಸೃಜನಶೀಲವಾದ ಮಾತುಗಾರಿಕೆ ಎಲ್ಲಿದೆ? ಆದರೆ ಆ ಸ್ವಾತಂತ್ರ್ಯ ನಿಂತಿರುವುದು ಪ್ರಸಂಗದ ಪದ್ಯಗಳು, ಪುರಾಣದ ಕಥಾಸಂದರ್ಭಗಳು, ಸುಭಾಷಿತ, ಶಾಸ್ತ್ರ, ಹಿಂದಿನವರು ಹೂಡಿದ ವಾದಗಳು ಎಲ್ಲವೂ ಮೈಗೂಡಿರುವುದರ ಮೇಲೆ. ಅವನ್ನೆಲ್ಲ ಹುಡುಕಿ ನೋಡಿಕೊಂಡು ಮಾತನಾಡುತ್ತೇನೆ ಎಂದು ಹೊರಟವರು ಒಂದು ಪದ್ಯಕ್ಕೂ ಅರ್ಥ ಹೇಳಲಾರರು. ಎಲ್ಲವೂ ಫೋನಿನಲ್ಲಿ ಸಿಗುವಾಗ ತಲೆಯಲ್ಲಿ ಏಕೆ ತುಂಬಬೇಕು ಎಂಬ, ಇತ್ತೀಚೆಗೆ ಬಹಳ ಕೇಳಿಬರುವ ಆಕ್ಷೇಪಕ್ಕೂ ಇದೇ ಉತ್ತರ. ಫೋನು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ, ಪ್ರಶ್ನೆ ಹುಟ್ಟುವುದು ಮಾತ್ರ ಗೊತ್ತಿರುವುದರ ಒಳಗಿನಿಂದ. ಹುಡುಕಿ ತಂದ ಉತ್ತರವೂ ಅದೇ ನಾಲ್ಕು ಜಾಗದ ಬಾಗಿಲಿನಿಂದಲೇ ಒಳಬರಬೇಕು, ಒಳಗೆ ಅದಕ್ಕೆ ಹೊಂದಿಕೊಳ್ಳುವ ತಿಳಿವಳಿಕೆ ಇಲ್ಲದಿದ್ದರೆ ಓದಿದ ಸಾಲು ಸಾಲಾಗಿಯೇ ಉಳಿಯುತ್ತದೆ. ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಅಮೆರಿಕದ ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಲು ಕೊಟ್ಟಾಗ, ಓದುವುದರಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದುವುದರಲ್ಲಿ ಮುಂದಿದ್ದರೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಗ್ರಹಿಸಿದರು.

ಈಗ ಎರಡನೆಯ ಪ್ರಶ್ನೆ: ಒಳಗೆ ನಿಲ್ಲುವುದು ಹೇಗೆ? ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆ ತಾನೇ ಮಾಡಿಕೊಂಡ ಪ್ರಯೋಗಗಳ ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ಉರುಹೊಡೆದು, ಬೇರೆ ಬೇರೆ ಅವಧಿಯ ನಂತರ ಅದನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಅಳೆದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಒಂದು ದಿನಕ್ಕೆ ಮೂರನೆಯ ಒಂದು ಭಾಗ ಉಳಿದಿತ್ತು. ಆಮೇಲಿನ ಇಳಿಕೆ ನಿಧಾನ. 2015ರಲ್ಲಿ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವಿಧಾನ ಅನುಸರಿಸಿದಾಗ ಬಂದದ್ದು ಹೆಚ್ಚುಕಡಿಮೆ ಅದೇ ರೇಖೆ. ಇದರ ಹಿಂದಿನ ಜೀವಕ್ರಿಯೆಯನ್ನು ಎರಿಕ್ ಕ್ಯಾಂಡೆಲ್ ಅಪ್ಲೀಸಿಯಾ ಎಂಬ ಸಮುದ್ರದ ಮೃದ್ವಂಗಿಯಲ್ಲಿ ಬಿಡಿಸಿದರು, ಅದಕ್ಕೆ 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಒಮ್ಮೆ ಕೊಟ್ಟ ಪ್ರಚೋದನೆ ನರಕೋಶಗಳ ನಡುವೆ ಆಗಲೇ ಇರುವ ಸಂಪರ್ಕವನ್ನು ಸ್ವಲ್ಪ ಹೊತ್ತು ಬಲಗೊಳಿಸುತ್ತದೆ, ಆಮೇಲೆ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ. ಬಿಡುವು ಕೊಟ್ಟು ಮತ್ತೆ ಮತ್ತೆ ಪ್ರಚೋದಿಸಿದರೆ ನರಕೋಶದ ಒಳಗಿನ ಜೀನ್‌ಗಳು ಚುರುಕಾಗಿ ಹೊಸ ಪ್ರೋಟೀನು ತಯಾರಾಗುತ್ತದೆ, ಹೊಸ ಸಂಪರ್ಕಗಳೇ ಬೆಳೆಯುತ್ತವೆ. ಎಂದರೆ ದೀರ್ಘಾವಧಿ ನೆನಪು ದೇಹದಲ್ಲಿ ಆಗುವ ಬೆಳವಣಿಗೆ, ಅದಕ್ಕೆ ಕಾಲಾವಕಾಶ ಬೇಕೇಬೇಕು. ನಿದ್ದೆಯೂ ಬೇಕು. ಕಲಿತ ಮೇಲೆ ಎಚ್ಚರವಿದ್ದವರಿಗಿಂತ ನಿದ್ದೆ ಮಾಡಿದವರು ಕಡಿಮೆ ಮರೆಯುತ್ತಾರೆ ಎಂಬುದನ್ನು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ ತೋರಿಸಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಎರಡು ಗಂಟೆಯವರೆಗೆ ಎಚ್ಚರವಿಡುವ ಮನೆಗಳು ಓದಿದ್ದು ಬೇರೂರುವ ಹೊತ್ತನ್ನೇ ಕಿತ್ತುಕೊಳ್ಳುತ್ತಿವೆ.

ಕಾಲಾವಕಾಶದಷ್ಟೇ ಮುಖ್ಯವಾದ, ಆದರೆ ನಮ್ಮ ರೂಢಿಗೆ ಪೂರ್ತಿ ವಿರುದ್ಧವಾದ ಇನ್ನೊಂದು ಸಂಗತಿಯಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿಯೊಬ್ಬ ಶಿಕ್ಷಕರೂ ಪೋಷಕರೂ ತಿಳಿದಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ವಿದ್ಯಾರ್ಥಿಗಳ ಒಂದು ಗುಂಪು ಚಿಕ್ಕದೊಂದು ವಿಜ್ಞಾನ ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿತು, ಒಟ್ಟು ಸರಾಸರಿ 14 ಸಲ. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿತು, ಸರಾಸರಿ ಮೂರೂವರೆ ಸಲಕ್ಕೂ ಕಡಿಮೆ. ಉಳಿದ ಮೂರು ಅವಧಿಗಳಲ್ಲಿ ಪಾಠ ಮುಚ್ಚಿಟ್ಟು ನೆನಪಾದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಮುಂದಿದ್ದರು, ಶೇ 83 ಮತ್ತು ಶೇ 71. ಒಂದು ವಾರ ಬಿಟ್ಟು ಪರೀಕ್ಷಿಸಿದ ಗುಂಪುಗಳಲ್ಲಿ ಲೆಕ್ಕ ತಿರುಗಿಬಿದ್ದಿತ್ತು: ಓದುತ್ತಲೇ ಇದ್ದವರಿಗೆ ಉಳಿದದ್ದು ಶೇ 40, ನೆನಪಿಸಿಕೊಂಡು ಬರೆದವರಿಗೆ ಶೇ 61. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಆತ್ಮವಿಶ್ವಾಸ ತೋರಿದ್ದು ಓದುತ್ತಲೇ ಇದ್ದ ಗುಂಪು. ಇಲ್ಲಿಯೇ ನಮ್ಮ ಮಕ್ಕಳು ಮೋಸಹೋಗುವುದು. ನಾಲ್ಕನೆಯ ಸಲ ಓದುವಾಗ ಪುಟ ಪರಿಚಿತವಾಗಿ ಸಲೀಸಾಗಿ ಸಾಗುತ್ತದೆ, ಆ ಸಲೀಸನ್ನು ಮನಸ್ಸು ಕಲಿಕೆ ಎಂದು ತಿಳಿಯುತ್ತದೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವಾಗ ತಡಕಾಟ, ಸಂಕಟ. ನೆನಪನ್ನು ಗಟ್ಟಿಮಾಡುವುದು ಆ ತಡಕಾಟವೇ. ಓದುವ ಹತ್ತು ವಿಧಾನಗಳನ್ನು ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ತೂಗಿ ನೋಡಿ, ಗೆರೆ ಎಳೆಯುವುದು ಮತ್ತು ಮರುಓದನ್ನು ಕಡಿಮೆ ಪ್ರಯೋಜನದ ಸಾಲಿಗೆ ಹಾಕಿದರು. ಮೇಲಿನ ಸಾಲಿಗೆ ಬಂದವು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳ ಮೇಲೆ ಹರಡುವುದು. ಎಷ್ಟು ಹರಡಬೇಕು ಎಂಬುದಕ್ಕೂ ಅಂದಾಜಿದೆ. ನಿಕೊಲಸ್ ಸೆಪೆಡಾ ಮತ್ತಿತರರ 2008ರ ಅಧ್ಯಯನದಲ್ಲಿ, ವಾರದ ನಂತರ ಬೇಕಾದ ಸಂಗತಿಯನ್ನು ಒಂದು ದಿನ ಬಿಟ್ಟು ಮತ್ತೆ ನೋಡುವುದು ಚೆನ್ನಾಗಿ ಫಲಿಸಿತು, ವರ್ಷದ ನಂತರ ಬೇಕಾದದ್ದಕ್ಕೆ ಮೂರು ವಾರದಷ್ಟು ಅಂತರ ಒಗ್ಗಿತು. ಹೀಗೆ ಬೇರೂರಿದ್ದು ಎಷ್ಟು ಕಾಲ ಬಾಳುತ್ತದೆ ಎಂದರೆ, ಹ್ಯಾರಿ ಬಾರಿಕ್ 1984ರಲ್ಲಿ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತ 700ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ, ಮೊದಲ ಕೆಲವು ವರ್ಷ ಇಳಿದ ನೆನಪು ಆಮೇಲೆ ಸುಮಾರು ಕಾಲು ಶತಮಾನ ಅಲುಗಾಡದೆ ನಿಂತಿತ್ತು.

ಇಷ್ಟನ್ನು ಮುಂದಿಟ್ಟುಕೊಂಡು ನಮ್ಮ ರಾಜ್ಯದ ಪರೀಕ್ಷೆಯ ಜಗಳವನ್ನು ನೋಡಬೇಕು. 2024ರ ಮಾರ್ಚ್‌ನಲ್ಲಿ 5, 8, 9ನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸುವ ವಿಚಾರ ಹೈಕೋರ್ಟಿನ ಏಕಸದಸ್ಯ ಪೀಠದಿಂದ ವಿಭಾಗೀಯ ಪೀಠಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಣೆಗೇ ತಡೆ ಬಿತ್ತು. ಪರೀಕ್ಷೆ ಬೇಕು ಎಂದವರು ಗುಣಮಟ್ಟದ ಮಾತಾಡಿದರು, ಬೇಡ ಎಂದವರು ಮಕ್ಕಳ ಭಯದ ಮಾತಾಡಿದರು. ಎರಡೂ ಕಡೆಯವರು ಪರೀಕ್ಷೆಯನ್ನು ಅಳತೆಗೋಲಾಗಿ ಮಾತ್ರ ಕಂಡರು. ಮರೆಯುತ್ತಿರುವುದನ್ನು ಪ್ರಯತ್ನಪಟ್ಟು ನೆನಪಿಸಿಕೊಳ್ಳುವ ಕ್ರಿಯೆಯೇ ಕಲಿಕೆ ಎಂಬ ಮಾತು ಆ ಗದ್ದಲದಲ್ಲಿ ಎಲ್ಲೂ ಏಳಲಿಲ್ಲ. ವರ್ಷಕ್ಕೊಮ್ಮೆ ಬರುವ ಪರೀಕ್ಷೆ, ಅದನ್ನು ಯಾರೇ ನಡೆಸಲಿ, ಈ ಕೆಲಸ ಮಾಡಲಾರದು. ಜೂನ್‌ನಲ್ಲಿ ಕಲಿತದ್ದನ್ನು ಮಾರ್ಚ್‌ನಲ್ಲಿ ಮೊದಲ ಸಲ ಕೇಳಿದರೆ ಕೇಳುವ ಹೊತ್ತಿಗೆ ಉಳಿದದ್ದೇ ಇರುವುದಿಲ್ಲ. ವರ್ಷವಿಡೀ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಈಗಲೂ ಇವೆಯಲ್ಲ ಎನ್ನಬಹುದು. ಇವೆ, ಅವುಗಳ ಉದ್ದೇಶವೂ ಒಳ್ಳೆಯದೇ. ಆದರೆ ಪ್ರತಿಯೊಂದಕ್ಕೂ ಅಂಕ, ಶ್ರೇಣಿ, ಕಡತ ಅಂಟಿಕೊಂಡ ಮೇಲೆ ಶಿಕ್ಷಕರ ಶ್ರಮ ದಾಖಲೆ ತುಂಬುವುದಕ್ಕೆ ಹೋಗುತ್ತದೆ, ಮಗುವಿನ ಗಮನ ಅಂಕದ ಕಡೆಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟಿದ್ದು ಸೋತ ಮಕ್ಕಳ ಮಟ್ಟಿಗೆ ಮಾನವೀಯ ಹೆಜ್ಜೆ, ಅದನ್ನು ಸ್ವಾಗತಿಸುತ್ತೇನೆ. ಆದರೆ ಆ ಮೂರೂ ಬಂದದ್ದು ಕಲಿಕೆಯ ವರ್ಷ ಮುಗಿದ ಮೇಲೆ.

ಆಕ್ಷೇಪಗಳಲ್ಲಿ ನನಗೆ ಗಂಭೀರವೆನಿಸುವುದು ಅರ್ಥದ ಪ್ರಶ್ನೆ. ನೆನಪಿಗೆ ಒತ್ತು ಕೊಟ್ಟರೆ ಮಕ್ಕಳು ಅರ್ಥವಿಲ್ಲದೆ ಒಪ್ಪಿಸುವ ಗಿಣಿಗಳಾಗುತ್ತಾರೆ ಎಂಬ ಆತಂಕಕ್ಕೆ ಕಾರಣಗಳಿವೆ, ಅಂಥ ತರಗತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅರ್ಥವಿಲ್ಲದ ಉರು ನೆನಪಿನ ಲೆಕ್ಕದಲ್ಲೂ ಸೋಲುತ್ತದೆ. ಎಬಿಂಗ್‌ಹೌಸ್‌ನ ರೇಖೆ ಅಷ್ಟು ಕಡಿದಾಗಿ ಇಳಿದದ್ದು ಆ ಉಚ್ಚಾರಗಳಿಗೆ ಅರ್ಥವಿರಲಿಲ್ಲ ಎಂಬುದರಿಂದಲೂ ಹೌದು. ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಬಟ್ಟೆ ಒಗೆಯುವ ಬಗೆಯನ್ನು ಬಟ್ಟೆ ಎಂಬ ಹೆಸರೆತ್ತದೆ ವಿವರಿಸಿದ ಬರಹವೊಂದನ್ನು ಕೇಳಿಸಿದರು. ವಿಷಯ ಏನೆಂದು ಮೊದಲೇ ತಿಳಿದವರಿಗೆ ಬರಹ ಚೆನ್ನಾಗಿ ನೆನಪುಳಿಯಿತು. ಕೇಳಿದ ಮೇಲೆ ವಿಷಯ ತಿಳಿಸಿದರೆ ಏನೂ ಉಪಯೋಗವಾಗಲಿಲ್ಲ. ಮೊದಲು ಅರ್ಥ, ಆಮೇಲೆ ಬಿಡುವು ಕೊಟ್ಟು ಮರುನೆನಪು, ಇದೇ ಸರಿಯಾದ ಕ್ರಮ. ಹೀಗಾಗಿ ಬಾಯಿಪಾಠದ ಟೀಕಾಕಾರರ ಮಾತಿನಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಇಡೀ ತರಗತಿ ಒಕ್ಕೊರಲಿನಿಂದ ಮಗ್ಗಿ ಕೂಗುವಾಗ ಬಾರದ ಮಗುವೂ ಪಕ್ಕದವರ ದನಿಯ ಮೇಲೆ ತೇಲಿಕೊಂಡು ಹೋಗಿಬಿಡುತ್ತದೆ. ಅಲ್ಲಿ ನೆನಪಿಸಿಕೊಳ್ಳುವ ಕೆಲಸವೇ ನಡೆದಿಲ್ಲ. ಸಾಲು ತಪ್ಪಿಸಿ ‘ಏಳೆಂಟು ಎಷ್ಟು’ ಎಂದು ಕೇಳಿ, ಒಂದು ಕ್ಷಣ ಕಾದು, ಎಲ್ಲರೂ ಅವರವರ ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸಿದರೆ ನಡೆಯುತ್ತದೆ. ತಪ್ಪಿದ್ದರೆ ಕೂಡಲೇ ಸರಿಯುತ್ತರ ಹೇಳಬೇಕು, ಏಕೆಂದರೆ ನೆನಪು ಇದ್ದದ್ದನ್ನು ಇದ್ದಂತೆ ತೆಗೆದುಕೊಡುವುದಿಲ್ಲ, ಪ್ರತಿ ಸಲವೂ ಕಟ್ಟಿಕೊಡುತ್ತದೆ, ತಪ್ಪನ್ನು ತಿದ್ದದೆ ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಇನ್ನು ಪದೇ ಪದೇ ಪ್ರಶ್ನೆ ಕೇಳಿದರೆ ಮಕ್ಕಳ ಭಯ ಹೆಚ್ಚುತ್ತದೆ ಎನ್ನುವವರು ಅಂಕದ ಭಯವನ್ನೂ ಪ್ರಶ್ನೆಯ ಭಯವನ್ನೂ ಒಂದೆಂದು ತಿಳಿದಿದ್ದಾರೆ. ಪೂಜಾ ಅಗರ್‌ವಾಲ್ ಮತ್ತು ಸಹೋದ್ಯೋಗಿಗಳು ಇಂಥ ಅಭ್ಯಾಸ ರೂಢಿಯಲ್ಲಿದ್ದ ತರಗತಿಗಳ 1,400ಕ್ಕೂ ಹೆಚ್ಚು ಮಕ್ಕಳನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಪರೀಕ್ಷೆಯ ಅಳುಕು ಇದರಿಂದ ಕಡಿಮೆಯಾಯಿತು ಎಂದವರು ಶೇ 72.

ಈ ವಿಷಯದಲ್ಲಿ ನನ್ನನ್ನು ಕಾಡುವುದು ಅನ್ಯಾಯದ ಮುಖ. ಓದಿದ ತಂದೆತಾಯಿ, ಕಪಾಟಿನಲ್ಲಿ ಪುಸ್ತಕ, ಸಂಜೆಗೆ ಟ್ಯೂಷನ್ ಇರುವ ಮಗುವಿಗೆ ಮರುನೆನಪು ಕೇಳದೆಯೇ ಸಿಗುತ್ತದೆ. ಊಟದ ಹೊತ್ತಿಗೆ ಇವತ್ತು ಏನು ಹೇಳಿಕೊಟ್ಟರು ಎಂದು ಕೇಳುವವರಿರುತ್ತಾರೆ, ಟ್ಯೂಷನ್ನಿನಲ್ಲಿ ಅದೇ ಪಾಠ ವಾರ ಬಿಟ್ಟು ಮತ್ತೆ ಬರುತ್ತದೆ. ಕೂಲಿ ಮುಗಿಸಿ ದಣಿದು ಬಂದ ತಾಯಿಯ ಮನೆಯಲ್ಲಿ ಆ ಪ್ರಶ್ನೆ ಕೇಳುವವರಿಲ್ಲ, ಕೇಳಿದರೂ ಉತ್ತರ ಸರಿಯೇ ಎಂದು ಹೇಳಬಲ್ಲವರಿಲ್ಲ. ಸರ್ಕಾರಿ ಶಾಲೆ ನೆನಪನ್ನು ಕೀಳೆಂದು ಬಿಟ್ಟುಕೊಟ್ಟರೆ ಮೊದಲ ಮಗುವಿಗೆ ಏನೂ ನಷ್ಟವಿಲ್ಲ, ಎರಡನೆಯ ಮಗುವಿಗೆ ಕಲಿತದ್ದು ಉಳಿಯುವ ಒಂದೇ ದಾರಿಯೂ ಮುಚ್ಚುತ್ತದೆ. ಆಮೇಲೆ ಮಾರ್ಚ್‌ನಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಫಲಿತಾಂಶದ ದಿನ ಪ್ರತಿಭೆಯ ಮಾತನಾಡುತ್ತೇವೆ.

ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನಡೆಸುವ ಶಾಲೆಗಳಲ್ಲಿ, ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣಾ ಕೆಲಸಗಳ ನಡುವೆ ಇದಕ್ಕೆ ಸಮಯ ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ಕೇಳುತ್ತಿರುವುದು ತರಗತಿಯ ಮೊದಲ ಎಂಟು ಹತ್ತು ನಿಮಿಷ. ಪುಸ್ತಕ ಮುಚ್ಚಿರಬೇಕು, ನಿನ್ನೆಯ ಪಾಠದಿಂದ ಒಂದು, ಹೋದ ವಾರದಿಂದ ಒಂದು, ಹೋದ ತಿಂಗಳಿನಿಂದ ಒಂದು ಪ್ರಶ್ನೆ, ಮಕ್ಕಳು ಬರೆಯುತ್ತಾರೆ, ಶಿಕ್ಷಕರು ಉತ್ತರ ಹೇಳುತ್ತಾರೆ, ಮಕ್ಕಳೇ ತಿದ್ದಿಕೊಳ್ಳುತ್ತಾರೆ. ದಾಖಲೆ ಬೇಡ, ಸಂಗ್ರಹ ಬೇಡ, ತಾಲ್ಲೂಕಿಗೆ ಕಳಿಸುವ ನಮೂನೆ ಬೇಡ. ಅದರ ಲಾಭ ಉಳಿಯಬೇಕಾದರೆ ಇಲಾಖೆ ಇದನ್ನು ಅಳೆಯುವ ಆಸೆಯನ್ನು ತಡೆದುಕೊಳ್ಳಬೇಕು, ಅದೇ ಬಹುಶಃ ಕಷ್ಟದ ಕೆಲಸ. ಶಿಕ್ಷಕರ ಮೇಲೆ ಯಾವ ಹೊರೆಯನ್ನೂ ಹಾಕದ ಇನ್ನೊಂದು ದಾರಿಯೂ ಇದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಪಾಠದ ಕೊನೆಯ ಅಭ್ಯಾಸ ಆ ಪಾಠವನ್ನೇ ಕುರಿತು ಕೇಳುತ್ತದೆ. ಬೀಜೋಕ್ತಿಯ ಅಧ್ಯಾಯ ಮುಗಿದ ಮೇಲೆ ಮಗು ಅದಕ್ಕೆ ಮರಳುವುದು ಪರೀಕ್ಷೆ ಹತ್ತಿರ ಬಂದಾಗ. ಅಮೆರಿಕದ ಫ್ಲಾರಿಡಾದಲ್ಲಿ ಡಗ್ ರೋರರ್ ಮತ್ತು ಸಂಗಡಿಗರು ಏಳನೇ ತರಗತಿಯ 54 ಗಣಿತ ತರಗತಿಗಳಲ್ಲಿ ಇದನ್ನೇ ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ತರಗತಿಗಳಿಗೆ ಒಂದೇ ಬಗೆಯ ಲೆಕ್ಕಗಳ ಅಭ್ಯಾಸಹಾಳೆ, ಉಳಿದವಕ್ಕೆ ಹಳೆಯ ಹೊಸ ಬಗೆಗಳನ್ನು ಬೆರೆಸಿದ ಹಾಳೆ, ಲೆಕ್ಕಗಳು ಅವೇ. ಕಲಿಸಿದ ಶಿಕ್ಷಕರೂ ಅವರೇ. ಒಂದು ತಿಂಗಳ ನಂತರ ಮುನ್ಸೂಚನೆ ಕೊಡದೆ ಪರೀಕ್ಷಿಸಿದಾಗ ಮೊದಲ ಗುಂಪಿಗೆ ಶೇ 38, ಬೆರೆಸಿ ಅಭ್ಯಾಸ ಮಾಡಿದವರಿಗೆ ಶೇ 61. ಪ್ರಯೋಗಾಲಯದ ಫಲಿತಾಂಶ ನಿಜವಾದ ತರಗತಿಯಲ್ಲಿ ನಿಲ್ಲುವುದಿಲ್ಲ ಎನ್ನುವವರು ಈ ಅಂಕಿಗಳಿಗೆ ಉತ್ತರಿಸಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘ ಮುಂದಿನ ಪರಿಷ್ಕರಣೆಯಲ್ಲಿ ಗಣಿತ ಮತ್ತು ವಿಜ್ಞಾನದ ಪ್ರತಿ ಅಭ್ಯಾಸದಲ್ಲಿ ಮೂರನೆಯ ಒಂದು ಭಾಗವನ್ನು ಹಿಂದಿನ ಅಧ್ಯಾಯಗಳಿಗೆ, ಹಿಂದಿನ ವರ್ಷದ ಪಾಠಗಳಿಗೆ ಮೀಸಲಿಡಬಹುದು. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಪರೀಕ್ಷಾ ಮಂಡಳಿ ಬೇಡ, ಪುಟಗಳ ಸಂಖ್ಯೆಯೂ ಹೆಚ್ಚಬೇಕಿಲ್ಲ.